ಯಾವ ಕಣಜಕ್ಕೆ ಅಂಜಬೇಕು?

ಸಾಧಾರಣ ಕಾಲದ 18ನೆಯ ಭಾನುವಾರ
ಶುಭಸಂದೇಶ: ಸಂತ ಲೂಕ 12:13-21



ಇಂದಿನ ಶುಭಸಂದೇಶ ಒಂದು ಪಾಲಿನ ಜಗಳದಿಂದ ಶುರುವಾಗುತ್ತದೆ. ಅಣ್ಣ ಆಸ್ತಿಯಲ್ಲಿ ಪಾಲು ಕೊಡುತ್ತಿಲ್ಲ, ನೀವು ಹೇಳಿ ಕೊಡಿಸಿ ಎಂದು ಒಬ್ಬ ತಮ್ಮ ಯೇಸುಸ್ವಾಮಿಯ ಬಳಿ ಬರುತ್ತಾನೆ. ನಮ್ಮ ಅಡಿಕೆ ತೋಟಗಳ ನಡುವೆ ಬೆಳೆದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಯೇಸುಸ್ವಾಮಿ ಪಂಚಾಯಿತಿಗೆ ಕೂರುವುದಿಲ್ಲ, ಒಂದು ಸಾಮತಿ ಹೇಳುತ್ತಾರೆ. ಧನವಂತನೊಬ್ಬನ ಹೊಲ ಚೆನ್ನಾಗಿ ಬೆಳೆಯಿತು. ಇಡಲು ಜಾಗ ಸಾಲಲಿಲ್ಲ. ಹಳೆಯ ಕಣಜ ಕೆಡವಿ ದೊಡ್ಡದನ್ನು ಕಟ್ಟೋಣ, ಅದರಲ್ಲಿ ಎಲ್ಲವನ್ನೂ ತುಂಬಿಟ್ಟು ಬಹುಕಾಲ ನೆಮ್ಮದಿಯಿಂದ ಇರೋಣ ಎಂದು ಅವನು ಲೆಕ್ಕ ಹಾಕಿದ. ಆ ರಾತ್ರಿಯೇ ಅವನ ಪ್ರಾಣಕ್ಕೆ ಕರೆ ಬಂತು.

ಕೂಡಿಡುವುದೇ ಪಾಪವೆಂದು ಇದರ ಅರ್ಥವಲ್ಲ. ಆಟಿ ತಿಂಗಳ ಮಳೆಗೆ ಮೊದಲೇ ಪತ್ತಾಯದಲ್ಲಿ ಅಕ್ಕಿ, ಭರಣಿಯಲ್ಲಿ ಉಪ್ಪು ಹಾಕಿದ ಹಲಸಿನ ಸೊಳೆ ಇಟ್ಟುಕೊಳ್ಳುತ್ತಿದ್ದ ನಮ್ಮ ಅಜ್ಜಿಯಂದಿರು ಪಾಪ ಮಾಡಲಿಲ್ಲ, ಮಕ್ಕಳನ್ನು ಬದುಕಿಸಿದರು. ಧನವಂತನ ತಪ್ಪು ಬೇರೆಯದು. ಬರಗಾಲ ಬಂದರೆ ಎಂದು ಅವನು ಹೆದರಿದ, ಕಣಜ ಸಾಲದಿದ್ದರೆ ಎಂದು ಹೆದರಿದ. ಹೆದರಬೇಕಾದ ಒಂದೇ ಒಂದು ಸಂಗತಿಯ ಕಡೆಗೆ ಅವನು ತಿರುಗಿಯೂ ನೋಡಲಿಲ್ಲ. ಇದೇ ಹನ್ನೆರಡನೆಯ ಅಧ್ಯಾಯದ ಆರಂಭದಲ್ಲಿ ಯೇಸುಸ್ವಾಮಿ ಶಿಷ್ಯರಿಗೆ ಯಾರಿಗೆ ಅಂಜಬೇಕು, ಯಾರಿಗೆ ಅಂಜಬಾರದು ಎಂದು ಹೇಳಿದ್ದಾರೆ, ಪುಡಿಗಾಸಿಗೆ ಮಾರಾಟವಾಗುವ ಗುಬ್ಬಿಗಳ ಮಾತೂ ಅಲ್ಲಿಯೇ ಇದೆ. ಭಯಪಡಬೇಡಿ ಎಂದು ಹೇಳಿ ಸುಮ್ಮನಾಗಲಿಲ್ಲ ಅವರು. ಭಯವನ್ನು ಸರಿಯಾದ ಜಾಗದಲ್ಲಿ ಇಡಿ ಎಂದರು.

ಆಗಸ್ಟ್ 6 ಮತ್ತು 9 ಹತ್ತಿರ ಬಂದಿರುವ ಈ ವಾರದಲ್ಲಿ, ಈ ಮಾತನ್ನು ಅರಿಯಲು ನಾವು ಬಲು ದೂರದ ಒಂದು ಕಣಜವನ್ನು ನೋಡಿ ಬರೋಣ. ಅದು ಅಮೆರಿಕದ ಟೆಕ್ಸಾಸ್ ರಾಜ್ಯದ ಅಮರಿಲೋ ನಗರದ ಬಳಿ ಇದೆ. ಹೆಸರು ಪ್ಯಾಂಟೆಕ್ಸ್. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಸಾಮಾನ್ಯ ಬಾಂಬುಗಳನ್ನು ತುಂಬಲು ಕಟ್ಟಿದ ಕಾರ್ಖಾನೆ ಅದು. 1951ರಿಂದ ಅಲ್ಲಿ ಅಣ್ವಸ್ತ್ರದ ಕೆಲಸ. ಅಮೆರಿಕದ ಅಣುಬಾಂಬುಗಳನ್ನು ಜೋಡಿಸುವುದೂ ಬಿಚ್ಚುವುದೂ ಅಲ್ಲಿಯೇ. ಬಿಚ್ಚಿದ ಬಾಂಬುಗಳ ಒಳತಿರುಳು, ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಪ್ಲುಟೋನಿಯಂ ಗುಂಡುಗಳು, ಹತ್ತು ಸಾವಿರಕ್ಕೂ ಹೆಚ್ಚು ಅಲ್ಲಿನ ಉಗ್ರಾಣಗಳಲ್ಲಿವೆ. ಆ ಪ್ಲುಟೋನಿಯಂನ ತೀಕ್ಷ್ಣತೆ ಅರ್ಧಕ್ಕೆ ಇಳಿಯಬೇಕಾದರೆ ಸುಮಾರು 24,000 ವರ್ಷ ಬೇಕು. ಧನವಂತ ಬಹುಕಾಲವೆಂದು ಲೆಕ್ಕ ಹಾಕಿದ್ದು ಇದರ ಮುಂದೆ ಏನೂ ಅಲ್ಲ.

ಸುತ್ತಲೂ ಬಯಲು, ಗೋಧಿ ಹೊಲ, ದನಗಳ ಮೇವಿನ ಹುಲ್ಲುಗಾವಲು. ನೆಲದಡಿಯಲ್ಲಿ ನೈಸರ್ಗಿಕ ಅನಿಲ. 1918ರಲ್ಲಿ ಅಮರಿಲೋದ ಉತ್ತರಕ್ಕೆ ಅನಿಲ ಸಿಕ್ಕಿತು, ಮುಂದೆ ಅದು ಲೋಕದ ಬಹುದೊಡ್ಡ ಅನಿಲ ನಿಕ್ಷೇಪಗಳಲ್ಲಿ ಒಂದೆಂದು ಗೊತ್ತಾಯಿತು. ಬಲೂನಿಗೆ ತುಂಬುವ ಹೀಲಿಯಂ ಕೂಡ ಆ ಅನಿಲದೊಂದಿಗೇ ಬರುತ್ತದೆ. ಬಾವಿಗಳು, ಪೈಪುಗಳು, ಪಂಪಿನ ಮನೆಗಳು ಆ ಸೀಮೆಯ ತುಂಬ ಇವೆ. ಕೆಳಗೆ ಉರಿಯುವ ಅನಿಲ, ಮೇಲೆ ಅಣುಬಾಂಬಿನ ಉಗ್ರಾಣ. ಇಂಥ ಕಡೆ ಜನರಿಗೆ ಭಯವಾಗದೆ ಇರುತ್ತದೆಯೇ? ಒಂದು ದಿನ ಕೆಳಗಿನದು ಹೊತ್ತಿಕೊಂಡರೆ ಮೇಲಿನದರ ಗತಿ ಏನು?

2024ರ ಫೆಬ್ರವರಿಯಲ್ಲಿ ಆ ಭಯ ಮನೆಬಾಗಿಲಿಗೇ ಬಂತು. ಬಿರುಗಾಳಿಗೆ ಒಣಹುಲ್ಲಿಗೆ ಬೆಂಕಿ ತಗಲಿ, ಹತ್ತು ಲಕ್ಷ ಎಕರೆಗೂ ಹೆಚ್ಚು ನೆಲ ಸುಟ್ಟಿತು. ಟೆಕ್ಸಾಸಿನ ಚರಿತ್ರೆಯಲ್ಲೇ ಅಷ್ಟು ದೊಡ್ಡ ಕಾಳ್ಗಿಚ್ಚು ಇರಲಿಲ್ಲ. ಇಬ್ಬರು ಸತ್ತರು, ಸಾವಿರಾರು ದನಗಳು ಸತ್ತವು. ಅದೇ ದಿನಗಳಲ್ಲಿ ಇನ್ನೊಂದು ಬೆಂಕಿ ಪ್ಯಾಂಟೆಕ್ಸ್ ಕಡೆಗೆ ಸಾಗಿತು. ಫೆಬ್ರವರಿ 27ರ ಸಂಜೆ ಕಾರ್ಖಾನೆಯವರು ಕೆಲಸ ನಿಲ್ಲಿಸಿ, ತೀರಾ ಅಗತ್ಯವಿರುವವರನ್ನು ಬಿಟ್ಟು ಉಳಿದವರನ್ನೆಲ್ಲ ಹೊರಗೆ ಕಳುಹಿಸಿದರು. ಬೆಂಕಿ ಒಳಗೆ ಬರಲಿಲ್ಲ. ಎರಡು ದಿನದೊಳಗೆ ಕೆಲಸ ಮತ್ತೆ ಶುರುವಾಯಿತು.

ಇಂಥ ಭಯದಲ್ಲಿ ಎಷ್ಟು ನಿಜ, ಎಷ್ಟು ಊಹೆ ಎಂಬುದನ್ನು ಬಿಡಿಸಿ ನೋಡಬೇಕು. ಸುಳ್ಳು ಭಯ ಹುಟ್ಟಿಸುವುದು ಎಂಟನೆಯ ಕಟ್ಟಳೆಗೆ ವಿರುದ್ಧ, ಅದು ಸಮಾಧಾನದ ಹೆಸರಿನಲ್ಲಿ ಸುಳ್ಳು ಹೇಳಿದಷ್ಟೇ ತಪ್ಪು. ನೂರಾರು ಮೀಟರ್ ಆಳದ ಬಂಡೆಯಲ್ಲಿ ಕೂತ ಅನಿಲ ಅಲ್ಲಿಯೇ ಹೊತ್ತಿಕೊಳ್ಳಲಾರದು, ಉರಿಯಲು ಗಾಳಿ ಬೇಕು. ಅಪಾಯವಿರುವುದು ಅದು ಮೇಲೆ ಬಂದು ಪೈಪಿನಲ್ಲಿ ಹರಿಯುವಾಗ, ಸೋರಿ ಗಾಳಿಯೊಂದಿಗೆ ಬೆರೆತಾಗ. ಇನ್ನು ಅಣುಬಾಂಬು ಪಟಾಕಿಯಂತೆ ಬೆಂಕಿ ತಗಲಿದ ಮಾತ್ರಕ್ಕೆ ಅಣುಬಾಂಬಾಗಿ ಸಿಡಿಯುವುದಿಲ್ಲ. ಪ್ಲುಟೋನಿಯಂ ಸುತ್ತ ಸಾಮಾನ್ಯ ಸ್ಫೋಟಕದ ಪದರವಿರುತ್ತದೆ. ಅದು ಎಲ್ಲ ಕಡೆಯಿಂದಲೂ ಒಂದೇ ಕ್ಷಣದಲ್ಲಿ ಸಿಡಿದರೆ ಮಾತ್ರ ಹಿರೋಷಿಮಾದಂಥ ಸ್ಫೋಟ. ಅರ್ಧಂಬರ್ಧ ಸಿಡಿದರೆ ಹಾಗಾಗದಂತೆ ಬಾಂಬನ್ನು ರೂಪಿಸಿರುತ್ತಾರೆ. ಹಾಗಾದರೆ ನಿಶ್ಚಿಂತೆಯೇ? ಅದೂ ಅಲ್ಲ.

1966ರ ಜನವರಿ 17, ಸಂತ ಅಂತೋಣಿ ಮಠಾಧಿಪತಿಯ ಹಬ್ಬದ ದಿನ, ಸ್ಪೇನ್ ದೇಶದ ಪಲೊಮಾರೆಸ್ ಎಂಬ ಹಳ್ಳಿಯ ಮೇಲೆ ಅಮೆರಿಕದ ಬಾಂಬರ್ ವಿಮಾನ ಇಂಧನ ತುಂಬುವ ವಿಮಾನಕ್ಕೆ ಡಿಕ್ಕಿ ಹೊಡೆಯಿತು. ಏಳು ವಿಮಾನ ಸಿಬ್ಬಂದಿ ಸತ್ತರು. ನಾಲ್ಕು ಜಲಜನಕ ಬಾಂಬುಗಳು ಕೆಳಗೆ ಬಿದ್ದವು. ಮೂರು ನೆಲಕ್ಕೆ, ಒಂದು ಸಮುದ್ರಕ್ಕೆ. ಅಣುಸ್ಫೋಟ ಆಗಲಿಲ್ಲ. ಆದರೆ ಎರಡು ಬಾಂಬುಗಳ ಸಾಮಾನ್ಯ ಸ್ಫೋಟಕ ಸಿಡಿದು ಪ್ಲುಟೋನಿಯಂ ಪುಡಿ ಟೊಮೆಟೊ ಹೊಲಗಳ ಮೇಲೆ ಹರಡಿತು. ಮೇಲ್ಮಣ್ಣನ್ನು ಕೆರೆದು ಸಾವಿರಾರು ಪೀಪಾಯಿಗಳಲ್ಲಿ ತುಂಬಿ ಹಡಗಿನಲ್ಲಿ ಅಮೆರಿಕಕ್ಕೆ ಒಯ್ದರು. ಹಳ್ಳಿಯ ಒಂದು ಮನೆಯೂ ಸುಟ್ಟಿರಲಿಲ್ಲ, ಆದರೆ ಅವರ ಟೊಮೆಟೊ ಕೊಳ್ಳುವವರು ಇರಲಿಲ್ಲ. ಬೆಂಕಿಗೆ ಸಿಕ್ಕ ಬಾಂಬಿನಿಂದ ನಿಜವಾಗಿ ಅಂಜಬೇಕಾದದ್ದು ಇದಕ್ಕೆ. ಪ್ಯಾಂಟೆಕ್ಸ್ ಕಟ್ಟಿದವರಿಗೂ ಇದು ಗೊತ್ತು. ಅಲ್ಲಿ ಬಾಂಬು ಜೋಡಿಸುವ ಕೆಲವು ಕೋಣೆಗಳ ಚಾವಣಿಯ ಮೇಲೆ ಜಲ್ಲಿಕಲ್ಲಿನ ದಪ್ಪ ರಾಶಿ ಇದೆ. ಒಳಗೆ ಸ್ಫೋಟವಾದರೆ ಆ ಜಲ್ಲಿ ಕುಸಿದು ಎಲ್ಲವನ್ನೂ ಮುಚ್ಚಬೇಕು, ವಿಷದ ಪುಡಿ ಹೊರಗೆ ಹಾರಬಾರದು. ಒಳಗಿದ್ದ ಕೆಲಸಗಾರ? ಅವನೂ ಆ ಜಲ್ಲಿಯ ಅಡಿಯಲ್ಲೇ. 1977ರಲ್ಲಿ ಆ ಕಾರ್ಖಾನೆಯಲ್ಲಿ ಸಾಮಾನ್ಯ ಸ್ಫೋಟಕವೇ ಸಿಡಿದು ಮೂವರು ಕೆಲಸಗಾರರು ಸತ್ತರು.

ನಮಗೂ ಅನಿಲದ ಭಯ ಹೊಸದಲ್ಲ. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಉದ್ದದ ಪೈಪು ನಮ್ಮ ಕಾಸರಗೋಡು ಜಿಲ್ಲೆಯ ನೆಲದಡಿಯಲ್ಲೇ ಹೋಗಿದೆ. 2021ರ ಜನವರಿ 5ರಂದು ಅದರ ಉದ್ಘಾಟನೆಯಾಯಿತು. ಅಗೆಯಲು ಬಂದ ದಿನಗಳಲ್ಲಿ ನಮ್ಮ ವಾಳೆಗಳಲ್ಲಿ ಎಂಥ ಮಾತುಗಳಿದ್ದವು ಎಂಬುದು ನೆನಪಿರಬಹುದು. ಅಡಿಕೆ ಮರ ಕಡಿಯುತ್ತಾರಂತೆ, ಬೇಸಗೆಯಲ್ಲಿ ಪೈಪು ಸಿಡಿಯುತ್ತದಂತೆ, ಮನೆ ಕಟ್ಟಲು ಬಿಡುವುದಿಲ್ಲವಂತೆ. ನಮ್ಮ ಧರ್ಮಕೇಂದ್ರದ ಒಬ್ಬ ಹಿರಿಯರ ಮನೆಗೆ ಬಂದ ನೋಟಿಸು ಮಲಯಾಳದಲ್ಲಿತ್ತು. ಅವರಿಗೆ ಕನ್ನಡ ಬಿಟ್ಟರೆ ಬೇರೆ ಅಕ್ಷರ ಓದಲು ಬರುವುದಿಲ್ಲ. ಮೊಮ್ಮಗಳು ಶಾಲೆಯಿಂದ ಬರುವ ತನಕ ಆ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು ಜಗಲಿಯಲ್ಲಿ ಕೂತಿದ್ದರು. ಆ ಭಯದಲ್ಲಿ ಅರ್ಧ ಅನಿಲದ್ದು, ಅರ್ಧ ಅರ್ಥವಾಗದ ಕಾಗದದ್ದು. ಅವರಿಗೆ ಅವರದೇ ಭಾಷೆಯಲ್ಲಿ ನಾಲ್ಕು ಮಾತು ಹೇಳಿದ್ದರೆ ಒಂದು ಮಧ್ಯಾಹ್ನದ ಸಂಕಟ ತಪ್ಪುತ್ತಿತ್ತು.

ಭಯಪಡುವವರನ್ನು ನೋಡಿ ನಗುವ ಹಕ್ಕು ನಮಗಿಲ್ಲ, ಈ ಜಿಲ್ಲೆಯವರಿಗಂತೂ ಖಂಡಿತ ಇಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದ ವರ್ಷಗಳಲ್ಲಿ ಏನೂ ಆಗುವುದಿಲ್ಲವೆಂದು ಹೇಳಿದವರು ಎಷ್ಟು ಮಂದಿ! ಜೇನುನೊಣ ಸತ್ತವು, ಕರು ಸೊಟ್ಟ ಕಾಲಿನೊಂದಿಗೆ ಹುಟ್ಟಿತು ಎಂದು ಹೇಳಿದ ಹೆಂಗಸರನ್ನು ಏನೂ ತಿಳಿಯದವರೆಂದು ಬದಿಗೆ ಸರಿಸಿದರು. 2000ದಲ್ಲಿ ಸಿಂಪಡಣೆ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೆಲ್ಲ ತಡೆ ಹಾಕಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದಿತು. ಹಾಸಿಗೆ ಬಿಟ್ಟೇಳದ ಮಕ್ಕಳಿಗೆ ನಾವು ಮೊದಲ ಶುಕ್ರವಾರ ಪರಮಪ್ರಸಾದ ಒಯ್ಯುವಾಗ ಅವರ ತಾಯಂದಿರು ಈಗಲೂ ಆ ಹೆಲಿಕಾಪ್ಟರಿನ ಶಬ್ದದ ಬಗ್ಗೆ ಹೇಳುತ್ತಾರೆ. ಆ ತೋಟಗಳಲ್ಲಿ ದಿನಗೂಲಿಗೆ ಹೋಗುತ್ತಿದ್ದವರಲ್ಲಿ ನಮ್ಮವರೂ ಇದ್ದರು. ವಿಷವೆಂದು ಅನುಮಾನ ಬಂದರೂ ಹೋಗುತ್ತಿದ್ದರು. ಒಲೆ ಉರಿಯಬೇಕಲ್ಲ!

ಈ ಒಲೆಯ ಮಾತೇ ನಮ್ಮನ್ನು ಅಮರಿಲೋಗೆ ವಾಪಸು ಕರೆದೊಯ್ಯುತ್ತದೆ. 1980ರಲ್ಲಿ ಲೆರಾಯ್ ಮ್ಯಾಥೀಸನ್ ಎಂಬವರು ಅಲ್ಲಿನ ಧರ್ಮಾಧ್ಯಕ್ಷರಾದರು. ಟೆಕ್ಸಾಸಿನ ಹತ್ತಿ ಬೆಳೆಯುವ ರೈತ ಕುಟುಂಬದಿಂದ ಬಂದವರು. ಅದಕ್ಕೆ ಮೊದಲು ಗುರುಗಳಾಗಿ ಎಷ್ಟೋ ವರ್ಷ ಪ್ಯಾಂಟೆಕ್ಸ್‌ನ ನೆರೆಯಲ್ಲೇ ಬಾಳಿದ್ದರು. ಅಷ್ಟು ವರ್ಷವೂ ಆ ಬೇಲಿಯಾಚೆ ಏನು ನಡೆಯುತ್ತಿದೆ ಎಂದು ಗಂಭೀರವಾಗಿ ಯೋಚಿಸಿರಲಿಲ್ಲವೆಂದು ಆಮೇಲೆ ಒಪ್ಪಿಕೊಂಡರು. ಗುರುಗಳಾದ ನಮಗೆ ಇದು ಚುಚ್ಚುತ್ತದೆ. ನಾವೂ ಪೂಜೆ, ಹಬ್ಬ, ಕಟ್ಟಡದ ಲೆಕ್ಕ ನೋಡಿಕೊಂಡು ಎಷ್ಟು ಬೇಲಿಗಳನ್ನು ದಾಟಿ ಹೋಗುತ್ತೇವೆ!

ಒಂದು ದಿನ ಅವರ ಬಳಿಗೆ ಅವರದೇ ಧರ್ಮಪ್ರಾಂತ್ಯದ ಒಬ್ಬ ಡೀಕನ್, ಸಂಸಾರಸ್ಥ, ಹೆಂಡತಿಯೊಂದಿಗೆ ಬಂದ. ಅವನು ಪ್ಯಾಂಟೆಕ್ಸ್ ನೌಕರ. ಭಾನುವಾರ ಪೀಠದ ಬಳಿ ಸೇವೆ, ಸೋಮವಾರದಿಂದ ಬಾಂಬಿನ ಕಾರ್ಖಾನೆಯಲ್ಲಿ ಕೆಲಸ. ನಾವು ಮಾಡುತ್ತಿರುವುದು ಸರಿಯೇ ಎಂಬುದು ಗಂಡ ಹೆಂಡಿರ ಪ್ರಶ್ನೆ. ಅವನು ಕೇಳಿದ್ದು ಅನಿಲ ಸಿಡಿದರೆ ಏನು, ಬೆಂಕಿ ಬಂದರೆ ಏನು ಎಂದಲ್ಲ. ಎಲ್ಲವೂ ಸುರಕ್ಷಿತವಾಗಿ, ಒಂದು ಕಿಡಿಯೂ ಬೀಳದೆ, ನಾನು ಮಾಡಿದ ವಸ್ತು ಮಾಡಿದ ಉದ್ದೇಶಕ್ಕೇ ಬಳಕೆಯಾದರೆ ಏನು? ಅವನ ಅಂಜಿಕೆ ಅದಕ್ಕೆ.

1981ರ ಆಗಸ್ಟ್‌ನಲ್ಲಿ ಅಮೆರಿಕ ಸರ್ಕಾರ ನ್ಯೂಟ್ರಾನ್ ಬಾಂಬು ತಯಾರಿಸುವುದಾಗಿ ಪ್ರಕಟಿಸಿತು. ಕಟ್ಟಡಗಳಿಗೆ ಹಾನಿ ಕಡಿಮೆ, ಜನರನ್ನು ಕಿರಣಗಳಿಂದ ಕೊಲ್ಲುವುದು ಹೆಚ್ಚು ಎಂಬುದು ಅದರ ಗುಣ. ಜೋಡಣೆ ಪ್ಯಾಂಟೆಕ್ಸ್‌ನಲ್ಲಿ. ಅದೇ ತಿಂಗಳು ಮ್ಯಾಥೀಸನ್ ಧರ್ಮಪ್ರಾಂತ್ಯದ ಪತ್ರಿಕೆಯಲ್ಲಿ ಒಂದು ಹೇಳಿಕೆ ಬರೆದರು. ಅಣ್ವಸ್ತ್ರ ತಯಾರಿಸುವ, ಕೂಡಿಡುವ ಕೆಲಸದಲ್ಲಿರುವವರು ತಾವು ಮಾಡುತ್ತಿರುವುದನ್ನು ಯೋಚಿಸಬೇಕು, ಅದನ್ನು ಬಿಟ್ಟು ಶಾಂತಿಯ ಉದ್ಯೋಗ ಹುಡುಕಬೇಕು ಎಂದರು. ಆಜ್ಞೆ ಮಾಡಲಿಲ್ಲ, ಯಾರನ್ನೂ ಪರಮಪ್ರಸಾದದಿಂದ ದೂರ ಇಡಲಿಲ್ಲ.

ಊರು ಸಿಟ್ಟಾಯಿತು. ಪ್ಯಾಂಟೆಕ್ಸ್ ಆ ಸೀಮೆಯ ದೊಡ್ಡ ಉದ್ಯೋಗದಾತ. ಈ ಬಿಷಪರಿಗೆ ದೇಶಭಕ್ತಿ ಇಲ್ಲ ಎಂದರು, ನಮ್ಮ ಮಕ್ಕಳಿಗೆ ಅನ್ನ ಇವರು ಕೊಡುತ್ತಾರೆಯೇ ಎಂದರು. ಧರ್ಮಪ್ರಾಂತ್ಯದ ಸಮಾಜಸೇವಾ ಕೇಂದ್ರಕ್ಕೆ ಊರಿನ ದತ್ತಿನಿಧಿಯಿಂದ ಬರುತ್ತಿದ್ದ ಹಣ ನಿಂತಿತು. ಪೆಟ್ಟು ಬಿದ್ದದ್ದು ಬಡವರ ಮೇಲೆ. ಟೆಕ್ಸಾಸಿನ ಉಳಿದ ಧರ್ಮಾಧ್ಯಕ್ಷರು ಅವರ ಬೆನ್ನಿಗೆ ನಿಂತರು. ಕೆಲಸ ಬಿಡುವವರಿಗೆ ನೆರವಾಗಲು ಅವರೊಂದು ನಿಧಿಯನ್ನೂ ತೆರೆದರು. ಬಿಟ್ಟವರು ಬೆರಳೆಣಿಕೆಯ ಮಂದಿ. ಕಾರ್ಖಾನೆ ಇವತ್ತಿಗೂ ನಡೆಯುತ್ತಿದೆ, ಮ್ಯಾಥೀಸನ್ 2010ರಲ್ಲಿ ತೀರಿಕೊಂಡರು.

ಅವರು ಗೆದ್ದರು ಎಂದು ನಾವು ಹೇಳುತ್ತಿಲ್ಲ. ಕೆಲಸ ಬಿಡದವರನ್ನು ದೂರುವುದೂ ಇಲ್ಲ. ನಮ್ಮ ಎಷ್ಟು ಮನೆಗಳ ಸಾಲ ತೀರಿದ್ದು ಗಲ್ಫಿನ ಸಂಬಳದಿಂದ! ಅಲ್ಲಿ ಯಾವ ಯಜಮಾನನ ಯಾವ ಕೆಲಸ ಎಂದು ಯಾರು ಕೇಳಿದ್ದೇವೆ? ಪ್ಯಾಂಟೆಕ್ಸ್ ಕೆಲಸಗಾರನ ತಟ್ಟೆಯಲ್ಲಿದ್ದ ಅನ್ನ ನಮ್ಮ ತಟ್ಟೆಯ ಅನ್ನದಂತೆಯೇ ಇತ್ತು. ಆದರೂ ಅವರ ಧರ್ಮಾಧ್ಯಕ್ಷರು ಅವರನ್ನು ಮಕ್ಕಳಂತೆ ಕಾಣಲಿಲ್ಲ, ಯೋಚಿಸಬಲ್ಲ ದೊಡ್ಡವರಂತೆ ಕಂಡರು ಎಂಬುದು ನಮಗೆ ಮುಖ್ಯವಾಗಿ ತೋರುತ್ತದೆ.

ಅಮರಿಲೋದಲ್ಲಿ ಇನ್ನೊಂದು ಬಗೆಯ ಉತ್ತರವೂ ಇತ್ತು. ಎ. ಜಿ. ಮೊಜ್ತಬಾಯಿ ಎಂಬ ಲೇಖಕಿ ಆ ಊರಿನಲ್ಲಿ ಇದ್ದು, ಜನರೊಂದಿಗೆ ಮಾತಾಡಿ, 1986ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅಲ್ಲಿನ ಕೆಲವು ಕ್ರೈಸ್ತ ಪಂಗಡಗಳವರು, ಲೋಕ ಬೆಂಕಿಯಲ್ಲಿ ಮುಗಿಯುವುದು ದೇವರ ಯೋಜನೆಯೇ, ಅದಕ್ಕೆ ಮೊದಲು ವಿಶ್ವಾಸಿಗಳನ್ನು ಪ್ರಭು ಮೇಲಕ್ಕೆ ಎತ್ತಿಕೊಳ್ಳುತ್ತಾರೆ, ಆದ್ದರಿಂದ ಬಾಂಬಿನ ಚಿಂತೆ ನಮಗೇಕೆ ಎಂದು ನೆಮ್ಮದಿಯಿಂದ ಇದ್ದುದನ್ನು ಅವರು ದಾಖಲಿಸಿದ್ದಾರೆ. ಮೊಬೈಲಿನಲ್ಲಿ ಇಂಥ ಪ್ರಸಂಗಗಳು ಈಗ ಕನ್ನಡದಲ್ಲೂ ಬರುತ್ತಿವೆ. ನಮ್ಮ ಯುವಕರು ಕೇಳುತ್ತಾರೆ, ನಮಗೆ ಕಳುಹಿಸುತ್ತಾರೆ. ಇದು ಧರ್ಮಸಭೆಯ ಬೋಧನೆಯಲ್ಲ. ನೋಹನಿಗೆ ಮಾತು ಕೊಟ್ಟ ದೇವರು, ಮನುಷ್ಯ ಮಾಡಿದ ಬಾಂಬನ್ನು ತಮ್ಮ ಯೋಜನೆಯೆಂದು ಒಪ್ಪಿಕೊಳ್ಳುವವರಲ್ಲ. ನಮ್ಮ ಕೆಲಸದ ಹೊಣೆಯನ್ನು ದೇವರ ತಲೆಗೆ ಕಟ್ಟಿ ಹಾಯಾಗಿರುವವನಿಗೂ, ಕಣಜ ತುಂಬಿತೆಂದು ಹಾಯಾಗಿದ್ದ ಧನವಂತನಿಗೂ ವ್ಯತ್ಯಾಸವೇನು?

ಧರ್ಮಸಭೆಯೂ ಈ ವಿಷಯದಲ್ಲಿ ಒಂದೇ ದಿನದಲ್ಲಿ ಸ್ಪಷ್ಟವಾಗಲಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ ಇಡೀ ನಗರಗಳನ್ನು ನಾಶ ಮಾಡುವ ಯುದ್ಧವನ್ನು ದೇವರಿಗೂ ಮನುಷ್ಯನಿಗೂ ಎದುರಾದ ಅಪರಾಧವೆಂದು ಖಂಡಿಸಿತು. ಆದರೆ ಬೆದರಿಕೆಗಾಗಿ ಬಾಂಬನ್ನು ಇಟ್ಟುಕೊಳ್ಳಬಹುದೇ? ಎರಡನೆಯ ಜಾನ್ ಪೌಲರು 1982ರಲ್ಲಿ, ನಿಶ್ಶಸ್ತ್ರೀಕರಣದತ್ತ ಸಾಗುವ ದಾರಿಯಲ್ಲಿ ಅದನ್ನು ತಾತ್ಕಾಲಿಕವಾಗಿ ಸಹಿಸಬಹುದು ಎಂದರು. ಮರುವರ್ಷ ಅಮೆರಿಕದ ಧರ್ಮಾಧ್ಯಕ್ಷರ ಸುತ್ತೋಲೆಯೂ ಹೆಚ್ಚು ಕಡಿಮೆ ಹಾಗೆಯೇ ಹೇಳಿತು. ವರ್ಷಗಳು ಕಳೆದವು, ದಾರಿಯಲ್ಲಿ ಯಾರೂ ಸಾಗುತ್ತಿಲ್ಲವೆಂದು ಕಂಡಿತು. 2019ರ ನವೆಂಬರಿನಲ್ಲಿ ವಿಶ್ವಗುರು ಫ್ರಾನ್ಸಿಸ್‌ರವರು ಹಿರೋಷಿಮಾದಲ್ಲಿ ನಿಂತು, ಬಳಸುವುದು ಮಾತ್ರವಲ್ಲ, ಇಟ್ಟುಕೊಳ್ಳುವುದೂ ಅನೈತಿಕ ಎಂದು ಸಾರಿದರು. ಕಣಜವೇ ತಪ್ಪು ಎಂದ ಹಾಗಾಯಿತು.

ನಮ್ಮ ದೇಶವೂ 1974ರಲ್ಲಿ, ಮತ್ತೆ 1998ರಲ್ಲಿ ಪೋಖರಣ್‌ನಲ್ಲಿ ಪರೀಕ್ಷೆ ನಡೆಸಿದೆ. ಅದನ್ನು ಬಾಯಿಬಿಡದೆ ಅಮೆರಿಕದವರ ಕಡೆಗೆ ಬೊಟ್ಟು ಮಾಡುವುದು ಸುಲಭದ ಪ್ರಬೋಧನೆ. ಎರಡು ರಾಜ್ಯಗಳ ಗಡಿಯಲ್ಲಿ, ನಾಲ್ಕು ಭಾಷೆಗಳ ನಡುವೆ, ಸಣ್ಣ ಹಿಂಡಾಗಿ ಬದುಕುವ ನಮಗೆ ಈ ಮಾತು ಗಟ್ಟಿಯಾಗಿ ಆಡಲು ಅಳುಕಿದೆ, ಅದನ್ನು ಮುಚ್ಚಿಡುವುದಿಲ್ಲ. ದೇಶವನ್ನು ಪ್ರೀತಿಸುವುದಕ್ಕೂ, ಅದರ ಬಾಂಬಿಗೆ ಚಪ್ಪಾಳೆ ತಟ್ಟುವುದಕ್ಕೂ ನಡುವೆ ಜಾಗವಿದೆ, ಅಲ್ಲಿ ನಿಂತು ಪ್ರಾರ್ಥಿಸುವುದು ದ್ರೋಹವಲ್ಲ ಎಂದಷ್ಟು ಹೇಳಬಲ್ಲೆವು.

ಆಗಸ್ಟ್ 6 ಪ್ರಭುವಿನ ರೂಪಾಂತರದ ಹಬ್ಬ. ಬೆಟ್ಟದ ಮೇಲೆ ಕಂಡ ಆ ಬೆಳಕನ್ನು ಧ್ಯಾನಿಸುವ ದಿನವೇ ಹಿರೋಷಿಮಾದ ಮೇಲೆ ಇನ್ನೊಂದು ಬೆಳಕು ಸಿಡಿಯಿತು. ಮೂರು ದಿನ ಕಳೆದು ನಾಗಸಾಕಿ. ಜಪಾನಿನ ಕಥೋಲಿಕರ ತವರು ಅದು. ಇನ್ನೂರೈವತ್ತು ವರ್ಷ ಗುರುಗಳಿಲ್ಲದೆ, ಗುಟ್ಟಾಗಿ, ಜ್ಞಾನಸ್ನಾನವನ್ನೂ ಜಪಗಳನ್ನೂ ಉಳಿಸಿಕೊಂಡು ಬಂದವರ ಊರು. ಅವರೇ ಇಟ್ಟಿಗೆ ಹೊತ್ತು ಕಟ್ಟಿದ ಉರಕಾಮಿ ದೇವಾಲಯದ ಬಳಿಯೇ ಬಾಂಬು ಸಿಡಿಯಿತು. ಮಾತೆ ಮರಿಯಳ ಸ್ವರ್ಗಾರೋಹಣದ ಹಬ್ಬಕ್ಕೆ ಸಿದ್ಧರಾಗಲು ಒಳಗೆ ಪಾಪನಿವೇದನೆ ನಡೆಯುತ್ತಿತ್ತು. ಕೇಳುತ್ತಿದ್ದ ಗುರುಗಳೂ ಸರದಿಯಲ್ಲಿದ್ದ ಜನರೂ ಅಲ್ಲಿಯೇ ಹೋದರು. ಆ ಧರ್ಮಕೇಂದ್ರದ 12,000 ವಿಶ್ವಾಸಿಗಳಲ್ಲಿ ಸುಮಾರು 8,500 ಮಂದಿ ತೀರಿಕೊಂಡರು. ಆ ಬಾಂಬಿಗೆ ಅನಿಲ ಸೋರಿರಲಿಲ್ಲ, ಕಾಳ್ಗಿಚ್ಚು ತಗಲಿರಲಿಲ್ಲ. ಯಾವ ಅವಘಡವೂ ಆಗಿರಲಿಲ್ಲ. ಅದು ಮಾಡಿದವರು ಬಯಸಿದಂತೆಯೇ ಕೆಲಸ ಮಾಡಿತ್ತು.

ಅಲ್ಲಿ ಆಗ ಗಂಟೆ ಬೆಳಿಗ್ಗೆ 11 ದಾಟಿ 2 ನಿಮಿಷ. ನಮ್ಮ ಗಡಿಯಾರದಲ್ಲಿ ಅದು 7 ಗಂಟೆ 32 ನಿಮಿಷ. ಆಗಸ್ಟ್ 9ರಂದು ನಮ್ಮ ಬೆಳಗಿನ ಬಲಿಪೂಜೆ ಮುಗಿಯುವ ಹೊತ್ತಿಗೆ ಸರಿಯಾಗುತ್ತದೆ. ಅಂದು ಆ ನಿಮಿಷಕ್ಕೆ ದೇವಾಲಯದ ಗಂಟೆ ಬಾರಿಸುತ್ತೇವೆ. ಪೂಜೆಗೆ ಬಂದವರು ಎದ್ದು ಹೋಗದೆ ಸ್ವಲ್ಪ ಹೊತ್ತು ಕುಳಿತಿರಿ. ಮನೆಯಲ್ಲಿದ್ದವರು, ಹಾಲು ಡೈರಿಗೆ ಹೊರಟವರು, ಬಸ್ಸಿಗೆ ಕಾಯುವವರು ಗಂಟೆ ಕೇಳಿದಲ್ಲೇ ಒಂದು ಜಪ ಹೇಳಿ. ಈ ಭಾನುವಾರದ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಉರಕಾಮಿಯ ಮೃತರೊಂದಿಗೆ, ಎಂಡೋಸಲ್ಫಾನಿನಿಂದ ಮಲಗಿದ ನಮ್ಮ ಮಕ್ಕಳನ್ನೂ, ಅಮರಿಲೋದ ಆ ಕಾರ್ಖಾನೆಗೆ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋಗುವವರನ್ನೂ, ಅವರ ಮನೆಯವರನ್ನೂ ಸೇರಿಸಿದ್ದೇವೆ.